ಮಲ್ಲೇಶ್ವರದ ಹಿಂಬಾಗಿಲು

ಮಲ್ಲೇಶ್ವರಕ್ಕೆ ಬಂದವರೆಲ್ಲ ಸಂಪಿಗೆ ರಸ್ತೆ ನೋಡಿ, ದೋಸೆ ತಿಂದು ಹೋಗುತ್ತಾರೆ. ನನಗೆ ಮಾತ್ರ ಇಲ್ಲಿನ ಕನ್ಸರ್ವೆನ್ಸಿ ಓಣಿಗಳ ಮೇಲೆ ಮೋಹ. ಎರಡು ಸಾಲು ಮನೆಗಳ ಬೆನ್ನ ನಡುವಿನ ಈ ಸಂದಿಗಳು ಅಕಸ್ಮಾತ್ತಾಗಿ ಉಳಿದ ಜಾಗವಲ್ಲ. 1898ರ ಪ್ಲೇಗಿಗೆ ಹೆದರಿ ಪೇಟೆಯ ಇಕ್ಕಟ್ಟು ಬಿಟ್ಟುಬಂದವರಿಗೆ ಮುಂದುಗಡೆ ಅಗಲ ರಸ್ತೆ, ಗಾಳಿ, ಬೆಳಕು. ಹಿಂದುಗಡೆ, ಮಲ ಹೊರುವವರು ಯಾರ ಕಣ್ಣಿಗೂ ಬೀಳದೆ ಬಂದುಹೋಗಲು ಓಣಿ. ಮನೆಯ ಮರ್ಯಾದೆಯೆಲ್ಲ ಮುಂಬಾಗಿಲಲ್ಲಿ, ಅದನ್ನು ಕಾಯುವವರು ಹಿಂಬಾಗಿಲಲ್ಲಿ.

"ನಾವು ಇಲ್ಲಿನ ಮೂಲದವರು ರೀ" ಎನ್ನುವವರು ಎಂಟನೇ ಕ್ರಾಸಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ಕಾಡು ಮಲ್ಲೇಶ್ವರನ ಎದುರು ಆ ಜಂಬ ನಡೆಯದು. ಶಿವಾಜಿಯ ಮಲಸಹೋದರ ಏಕೋಜಿ 1669ರಲ್ಲಿ ಈ ದೇವರಿಗೆ ಹಳ್ಳಿಯೊಂದನ್ನು ದತ್ತಿ ಬಿಟ್ಟಾಗ ಬಡಾವಣೆ ಹುಟ್ಟಲು ಇನ್ನೂರು ವರ್ಷಕ್ಕೂ ಮಿಗಿಲು ಬಾಕಿಯಿತ್ತು. ಆ ದೇವರ ಲೆಕ್ಕದಲ್ಲಿ ನಾವೆಲ್ಲ ಮೊನ್ನೆ ಬಂದವರು.

ಈಗ ಹಂಚಿನ ಮನೆಗಳು ಒಂದೊಂದಾಗಿ ನೆಲಕ್ಕಿಳಿಯುತ್ತಿವೆ. "ಬಿಲ್ಡರ್‌ಗೆ ಕೊಟ್ಟುಬಿಟ್ವಿ" ಎಂದು ಯಜಮಾನರು ನಿಟ್ಟುಸಿರು ಬಿಡುತ್ತಾರೆ. ಮಕ್ಕಳು ಅಮೆರಿಕದಲ್ಲಿ, ಮಾಡು ಸೋರುತ್ತದೆ, ಪಾಲು ಮಾಡಲು ಹಿತ್ತಿಲು ಸಾಲದು. ಜಾಗ ಇವರದು, ಕಟ್ಟಡದ ಖರ್ಚು ಬಿಲ್ಡರನದು, ಫ್ಲಾಟುಗಳು ಇಬ್ಬರಿಗೂ. ಮಾವಿನ ಮರವನ್ನು ಕಳೆದುಕೊಂಡ ದುಃಖವನ್ನು ಅವರು ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಹೇಳಿಕೊಳ್ಳಬಹುದು. ಅದೇ ಹಿತ್ತಿಲಿನ ವಠಾರದಲ್ಲಿ ಬಾಡಿಗೆಗಿದ್ದವರಿಗೆ ಯಾವ ಪಾಲೂ ಇಲ್ಲ. ಅಡ್ವಾನ್ಸ್ ವಾಪಸು ಪಡೆದು, ಮಕ್ಕಳ ಟಿ.ಸಿ. ತೆಗೆಸಿಕೊಂಡು, ಊರ ಹೊರಗೆ ಹೋದರು.

ರಾಜಾ ಮಿಲ್ಲಿನ ಕಥೆಯೂ ಬೇರೆಯಲ್ಲ. ನೂಲು ತೆಗೆಯುತ್ತಿದ್ದ ಜಾಗದಲ್ಲಿ 2010ರಲ್ಲಿ ಮಂತ್ರಿ ಮಾಲ್ ಎದ್ದಿತು. ಅಲ್ಲಿ ಈಗ ಹೊಲಿದಿಟ್ಟ ಬಟ್ಟೆ ಮಾತ್ರ ಸಿಗುತ್ತದೆ. 2014ರಲ್ಲಿ ಮೆಟ್ರೊ ಬಂತು. ನಿಲ್ದಾಣದ ಹೆಸರಿನಲ್ಲಿ ಈಗ ಮಾಲ್ ಮುಂದಿದೆ, ಸಂಪಿಗೆ ರಸ್ತೆ ಅದರ ಹಿಂದೆ. ಮಿಲ್ಲಿಗೆ ಅಲ್ಲಿ ಜಾಗವಿಲ್ಲ.

ನನ್ನ ಓಣಿಗಳಿಗೂ ಅದೃಷ್ಟ ಕುದುರಿದೆ. ಕೆಲವು ಗೋಡೆಗಳ ಮೇಲೆ ಬಣ್ಣದ ಚಿತ್ರಗಳು, ಅವುಗಳ ಮುಂದೆ ಸೆಲ್ಫಿ. ಯಾರಿಗೂ ಕಾಣಬಾರದೆಂದು ಬಿಟ್ಟ ಜಾಗ ಈಗ ಎಲ್ಲರೂ ನೋಡುವ ಜಾಗವಾಗಿರುವುದು ನನಗೆ ಸಂತೋಷವೇ. ಪಾರಂಪರಿಕ ನಡಿಗೆಗೆ ಬಂದವರ ಜೊತೆ ನಾನೂ ಹೆಜ್ಜೆ ಹಾಕುತ್ತೇನೆ, ಹಳೆಯ ಕಂಬ, ಕಿಟಕಿ ಕಂಡರೆ ಲೊಚಗುಟ್ಟುತ್ತೇನೆ. ಆ ಗುಂಪಿನಲ್ಲಿ ಮಿಲ್ ಕಾರ್ಮಿಕರ ಮಕ್ಕಳಾಗಲಿ ವಠಾರದವರಾಗಲಿ ನನಗೆ ಸಿಕ್ಕಿಲ್ಲ. ಹಳೆಯ ಮಲ್ಲೇಶ್ವರ ಹೋಯಿತೆಂದು ಕೊರಗುವುದಕ್ಕೂ ಮಲ್ಲೇಶ್ವರದಲ್ಲೊಂದು ಸ್ವಂತ ಸೈಟು ಬೇಕು.