ಹದಿಮೂರು ತಳಿ, ಒಂದೇ ತೋಟ

ಕಳೆದ ವರ್ಷ ಏಪ್ರಿಲ್‌ನಲ್ಲಿ ಆಫೀಸಿನ ಕೆಲಸಕ್ಕೆಂದು ಎರಡು ತಿಂಗಳು ಫ್ರಾನ್ಸಿನ ಲಿಯೋಂ ನಗರದಲ್ಲಿದ್ದೆ. ಒಂದು ಶುಕ್ರವಾರ ರಾತ್ರಿ ವಿಜಯಪುರದಿಂದ ತಮ್ಮನ ಫೋನ್ ಬಂತು. "ಅಣ್ಣಾ, ಅಪ್ಪನ ತ್ವಾಟ ಮಾರಿಬಿಡೂಣು. ನೀ ಪುಣೆದಾಗ, ನಾ ಅಂಗಡ್ಯಾಗ. ನೋಡಾವ್ರು ಯಾರು?" ಅಪ್ಪ ತೀರಿಕೊಂಡು ವರ್ಷವಾಗಿತ್ತು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲೇ ಗೊತ್ತುಮಾಡಿದ್ದ ಪ್ರವಾಸ. ರೈಲಿನಲ್ಲಿ ಅವಿನ್ಯೋಂ, ಅಲ್ಲಿಂದ ಶಾತೊನಫ್-ದ್ಯು-ಪಾಪ್. ಹದಿನಾಲ್ಕನೇ ಶತಮಾನದಲ್ಲಿ ಪೋಪ್‌ಗಳು ಅವಿನ್ಯೋಂನಲ್ಲಿ ನೆಲೆಸಿದ್ದರಂತೆ. 'ಪೋಪರ ಹೊಸ ಕೋಟೆ' ಎಂಬುದೇ ಊರ ಹೆಸರಿನ ಅರ್ಥ. ನಾನು ಹೋಗಿದ್ದು ಪೆರಾಂ ಮನೆತನದ ಶಾತೊ ದ ಬೋಕಾಸ್ತೆಲ್ ಎಂಬ ವೈನ್ ತೋಟಕ್ಕೆ. ನಾನು ವೈನ್ ಬಲ್ಲವನಲ್ಲ. ಆದರೆ ದ್ರಾಕ್ಷಿ ಬೆಳೆದವರ ಮಗ.

ಮೊದಲು ಕಣ್ಣಿಗೆ ಬಿದ್ದದ್ದು ಕಲ್ಲು. ಮುಷ್ಟಿಗಾತ್ರದಿಂದ ತೆಂಗಿನಕಾಯಿಯಷ್ಟು ದೊಡ್ಡ ಗುಂಡುಕಲ್ಲುಗಳು ನೆಲವನ್ನೇ ಮುಚ್ಚಿದ್ದವು. ಹಿಂದೆ ರೋನ್ ನದಿ ಹೊತ್ತು ತಂದದ್ದು. ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿ ಬಳ್ಳಿಗೆ ಕೊಡುತ್ತವೆ, ಕೆಳಗಿನ ಮಣ್ಣು ಒಣಗದಂತೆ ಕಾಯುತ್ತವೆ. ನಮ್ಮಂತೆ ಚಪ್ಪರವಿಲ್ಲ, ಬಳ್ಳಿಗಳು ಮೊಣಕಾಲೆತ್ತರದ ಗಿಡ್ಡ ಪೊದೆಗಳು. ಉತ್ತರದಿಂದ ಬೀಸುವ ಮಿಸ್ತ್ರಾಲ್ ಗಾಳಿಗೆ ತಲೆ ಬಾಗಿಸಿ ನಿಂತಂತಿದ್ದವು. ನಮ್ಮಲ್ಲಿ ಏಪ್ರಿಲ್ ಚಾಟ್ನಿಯ ಹೊತ್ತು. ಅಲ್ಲಿ ಆಗಷ್ಟೇ ಚಿಗುರು.

1909ರಲ್ಲಿ ಪಿಯೆರ್ ತ್ರಾಮಿಯೇ ಎಂಬವರು ಈ ತೋಟ ಕೊಂಡರು. ಅವರಿಂದ ಅಳಿಯ ಪಿಯೆರ್ ಪೆರಾಂಗೆ, ಆಮೇಲೆ ಮೊಮ್ಮಗ ಜಾಕ್ ಪೆರಾಂಗೆ ಬಂತು. ಎಲ್ಲರೂ ರಾಸಾಯನಿಕ ಗೊಬ್ಬರ, ಔಷಧಿಗಳತ್ತ ಓಡುತ್ತಿದ್ದ ಐವತ್ತರ ದಶಕದಲ್ಲೇ ಜಾಕ್ ಅವನ್ನು ಬಿಟ್ಟು ಸಾವಯವ ಹಾದಿ ಹಿಡಿದರು. ಈ ಸೀಮೆಯಲ್ಲಿ ಬೆಳೆಯಲು ಅನುಮತಿಯಿರುವ ದ್ರಾಕ್ಷಿ ತಳಿಗಳನ್ನು ಸಾಂಪ್ರದಾಯಿಕವಾಗಿ ಹದಿಮೂರೆಂದು ಎಣಿಸುತ್ತಾರೆ. ಬಹುತೇಕರು ಗ್ರೆನಾಶ್ ಒಂದನ್ನೇ ನೆಚ್ಚಿದರೆ, ಇವರು ಹದಿಮೂರನ್ನೂ ಉಳಿಸಿಕೊಂಡರು. ನಿಧಾನಕ್ಕೆ ಹಣ್ಣಾಗುವ ಮೂರ್ವೆದ್ರ್‌ಗೆ ದೊಡ್ಡ ಜಾಗ ಕೊಟ್ಟರು.

ಕೊಯ್ಲು ಕೈಯಿಂದಲೇ, ಯಂತ್ರಕ್ಕೆ ಆ ಸೀಮೆಯ ಕಾನೂನೇ ಒಪ್ಪುವುದಿಲ್ಲ. ಒಂದೊಂದು ತಳಿಯನ್ನೂ ಬೇರೆ ಬೇರೆ ಕೊಯ್ದು, ಬೇರೆ ಬೇರೆ ಹುದುಗಿಸಿ, ಕೊನೆಗೆ ಬೆರೆಸುತ್ತಾರೆ. ಕಪ್ಪು ದ್ರಾಕ್ಷಿಯ ಸಿಪ್ಪೆಯನ್ನು ಕ್ಷಣಕಾಲ ಜೋರಾಗಿ ಬಿಸಿಮಾಡಿ ಕೂಡಲೇ ತಣ್ಣಗಾಗಿಸುವುದು ಜಾಕ್ ಅವರ ಕಾಲದಿಂದ ಬಂದ ವಿಧಾನ. ರಸ ಕೆಡಿಸುವ ಕಿಣ್ವಗಳು ಇದರಿಂದ ಅಡಗುತ್ತವೆ, ಗಂಧಕ ಕಡಿಮೆ ಸಾಕಾಗುತ್ತದೆ. ಆಮೇಲೆ ವೈನ್ ದೊಡ್ಡ ಓಕ್ ಪೀಪಾಯಿಗಳಲ್ಲಿ ಮಾಗುತ್ತದೆ.

ಜಾಕ್ 1978ರಲ್ಲಿ ತೀರಿಕೊಂಡರು. ಮಕ್ಕಳಾದ ಜಾನ್-ಪಿಯೆರ್ ಮತ್ತು ಫ್ರಾಂಸ್ವಾ ಅಪ್ಪನ ಹೆಸರಿನಲ್ಲಿ ಒಂದು ವಿಶೇಷ ವೈನ್ ಮಾಡಿದರು. ಮೊದಲನೆಯದು 1989ರ ಬೆಳೆಯದು. ಅದರಲ್ಲಿ ಹೆಚ್ಚಿನದು ಅಪ್ಪ ಮೆಚ್ಚಿದ್ದ ಮೂರ್ವೆದ್ರ್. ಒಳ್ಳೆಯ ವರ್ಷಗಳಲ್ಲಿ ಮಾತ್ರ ಅದನ್ನು ತಯಾರಿಸುತ್ತಾರೆ. ಇದನ್ನು ಕೇಳಿದಾಗ ಗಂಟಲು ಕಟ್ಟಿತು. ಅಪ್ಪನ ಆಯ್ಕೆ ಸರಿಯೆಂದು ಹೇಳಲು ಮಕ್ಕಳು ಹನ್ನೊಂದು ವರ್ಷ ತೋಟದಲ್ಲಿ ದುಡಿದಿದ್ದರು.

ಫ್ರಾನ್ಸಿನಲ್ಲೂ ಪಾಲಿನ ಜಗಳ ನಮ್ಮಂತೆಯೇ. ಅಪ್ಪನ ಆಸ್ತಿಯಲ್ಲಿ ಎಲ್ಲ ಮಕ್ಕಳಿಗೂ ಹಕ್ಕಿದೆ. ಬರ್ಗಂಡಿಯ ಕ್ಲೋ ದ ವೂಜೋ ಎಂಬ ಸುಮಾರು 125 ಎಕರೆಯ ತೋಟ ಮಾರಾಟ, ಪಾಲುಗಳಲ್ಲಿ ಹಂಚಿಹೋಗಿ ಇಂದು ಅದಕ್ಕೆ 80ರಷ್ಟು ಒಡೆಯರು. ಪೆರಾಂ ಮನೆಯವರು ಒಡೆಯಲಿಲ್ಲ. ಅಣ್ಣತಮ್ಮಂದಿರು ಒಟ್ಟಿಗೆ ನಡೆಸಿದರು, ಈಗ ಅವರ ಮಕ್ಕಳೂ ಒಟ್ಟಿಗೆ ನಡೆಸುತ್ತಿದ್ದಾರೆ.

ಹೋಲಿಕೆಗೆ ಮಿತಿಯಿದೆ, ಗೊತ್ತು. ಅವರ ಒಂದು ಬಾಟಲಿಗೆ ಸಾವಿರಾರು ರೂಪಾಯಿ. ಬೆಲೆ ಅವರೇ ಕಟ್ಟುತ್ತಾರೆ. ನಮ್ಮ ಮಣೂಕದ ಬೆಲೆ ಕಟ್ಟುವುದು ತಾಸಗಾಂವ್, ಸಾಂಗಲಿಯ ಪೇಟೆ. ಅಪ್ಪ ಸಾಲ ತೀರಿಸಿದ್ದನ್ನೇ ನಾವು ದೊಡ್ಡ ಬೆಳೆ ಎಂದುಕೊಂಡವರು. ತಮ್ಮ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪ ಕೆಮ್ಮುತ್ತ ಔಷಧಿ ಹೊಡೆಯುತ್ತಿದ್ದುದನ್ನು ಹತ್ತಿರದಿಂದ ಕಂಡವನು ಅವನೇ.

ಆ ರಾತ್ರಿ ನಾನೇ ಫೋನ್ ಮಾಡಿದೆ. "ಮಾರೂದು ಬ್ಯಾಡ ಅಂತ ನಾ ಅನ್ನಂಗಿಲ್ಲ. ಆದ್ರ ಪಾಲೂ ಬ್ಯಾಡ. ಎರಡು ವರ್ಷ ಇಬ್ರೂ ಕೂಡಿ ನೋಡೂಣು. ಖರ್ಚಿನಾಗ ಅರ್ಧ ನಂದು, ಚಾಟ್ನಿಗೆ ನಾನೂ ಬರ್ತೀನಿ," ಅಂದೆ. ಬಹಳ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ, "ಕತ್ರಿ ಹಿಡಿಯೂದು ನೆನಪೈತೇನು ನಿನಗ?" ಅಂತ ನಕ್ಕ.

ಅಕ್ಟೋಬರ್‌ನಲ್ಲಿ ರಜೆ ಹಾಕಿ ಹೋದೆ. ಎರಡನೇ ದಿನಕ್ಕೇ ಅಂಗೈಯಲ್ಲಿ ಬೊಬ್ಬೆ. ಅಪ್ಪನ ಕತ್ತರಿಯನ್ನು ತಮ್ಮ ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ.