ಸುಪೀರಿಯರ್ ದಂಡೆಯಲ್ಲಿ ಒಂದು ತೇಪೆ

"ರೈಟ್... ರೈಟ್... ಬರ್ಲಿ, ಬರ್ಲಿ..." ಎಂದು ನಮ್ಮೂರ ಬಸ್ಸಿನ ಕಂಡಕ್ಟರನ ಹಾಗೆ ಕೈ ಬೀಸುತ್ತ ಹಿಂದೆ ನಿಂತಿದ್ದವನು ನಾನೇ. "ಹೋಲ್ಡಾನ್" ಎಂಬ ಮಾತು ಬಾಯಿಂದ ಹೊರಡುವಷ್ಟರಲ್ಲಿ 'ಕರ್ರ್' ಎಂದು ಸದ್ದಾಯಿತು. ಮಗನ ಕ್ಯಾಂಪರಿನ ಹಿಂಬದಿಯ ಮೂಲೆ ಒಂದು ಕಪ್ಪು ಬಂಡೆಗೆ ಒರಗಿ ನಿಂತಿತ್ತು.

2023ರ ಮೇ ತಿಂಗಳ ರಜೆಯಲ್ಲಿ ನಾವು ದಂಪತಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಅವನಿರುವ ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು 250 ಕಿಲೋಮೀಟರ್ ಹೋದರೆ ಡುಲೂತ್ ಎಂಬ ಬಂದರು. ಅಲ್ಲಿಂದಾಚೆ ಕೆನಡಾದ ಗಡಿಯವರೆಗೂ 61ನೇ ಹೆದ್ದಾರಿ ಸುಪೀರಿಯರ್ ಸರೋವರದ ದಂಡೆ ಹಿಡಿದೇ ಸಾಗುತ್ತದೆ. ಸರೋವರ ಎಂದರೆ ನಮ್ಮ ಕಲ್ಪನೆಗೆ ಬರುವಂಥದ್ದಲ್ಲ. ಅದರ ವಿಸ್ತಾರ ಸುಮಾರು 82,000 ಚದರ ಕಿಲೋಮೀಟರ್, ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತಲೂ ತುಸು ಹೆಚ್ಚು. ಕಡಲತೀರದಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿ ಅದರ ಅಲೆ ಕಂಡು, ಬೊಗಸೆಯಲ್ಲಿ ನೀರೆತ್ತಿ ಬಾಯಿಗಿಟ್ಟು, "ಉಪ್ಪೇ ಇಲ್ವಲ್ಲ!" ಎಂದು ಅಚ್ಚರಿಪಟ್ಟಳು.

ನಾವು ಇಳಿದುಕೊಂಡದ್ದು ಗೂಸ್‌ಬೆರಿ ಜಲಪಾತದ ಉದ್ಯಾನದಲ್ಲಿ. ಈ ದಂಡೆಯ ಬಂಡೆಗಳು ಸುಮಾರು 110 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣ್ಣಗಾಗಿ ಆದ ಬಸಾಲ್ಟ್. ಅಷ್ಟು ಕಾಲದಿಂದ ಅಲುಗದೆ ಬಿದ್ದಿದ್ದ ಕಲ್ಲು ನನ್ನ ಕಣ್ಣಿಗೆ ಬೀಳಲಿಲ್ಲ. ಕಾರಿನ ಹಿಂದೆ ಕಟ್ಟಿದ ಗಾಡಿಯನ್ನು ಹಿಮ್ಮುಖವಾಗಿ ನಡೆಸುವಾಗ ಕಾರಿನ ಹಿಂಭಾಗ ಒಂದು ಕಡೆ ಹೊರಳಿದರೆ ಗಾಡಿ ಇನ್ನೊಂದು ಕಡೆ ಹೊರಳುತ್ತದೆ ಎಂಬುದೂ ಆ ಗಳಿಗೆಯಲ್ಲಿ ನನ್ನ ತಲೆಗೆ ಹೊಳೆಯಲಿಲ್ಲ.

ಎರಡು ವರ್ಷ ದುಡ್ಡು ಕೂಡಿಟ್ಟು ಕೊಂಡ ಹಳೆಯ ಕ್ಯಾಂಪರ್ ಅದು. ಮಗ ಇಳಿದು ಬಂದು ನೋಡಿ, "ಇರ್ಲಿ ಅಪ್ಪಯ್ಯ" ಎಂದಷ್ಟೇ ಹೇಳಿದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹದಿಮೂರು ಅಡಿ ಉದ್ದದ, ಮೊಟ್ಟೆಯಂಥ ಪುಟ್ಟ ಗಾಡಿ. ಇಂಥವುಗಳ ಮೂಲಪುರುಷ ಮಿನ್ನೆಸೋಟದ ಉತ್ತರಕ್ಕಿರುವ ಕೆನಡಾದ ವಿನಿಪೆಗ್ ನಗರದಲ್ಲಿ 1968ರಲ್ಲಿ ತಯಾರಾದ 'ಬೋಲರ್'. ರೇ ಒಲೆಕೊ ಎಂಬಾತ ಅದಕ್ಕೆ ಮೊದಲು ಶೌಚದ ಗುಂಡಿಗೆ ಹೂಳುವ ಫೈಬರ್‌ಗ್ಲಾಸ್ ತೊಟ್ಟಿ ಮಾಡುತ್ತಿದ್ದವನು. ಅದೇ ಹಗುರ ವಸ್ತುವಿನಿಂದ ಮನೆಯನ್ನೇಕೆ ಮಾಡಬಾರದು ಎಂದು ಅವನಿಗೆ ಹೊಳೆಯಿತು. ಅಚ್ಚಿನಲ್ಲಿ ತೆಗೆದ ಎರಡು ಬೋಗುಣಿಗಳನ್ನು ಬಾಯಿಗೆ ಬಾಯಿ ಕೂಡಿಸಿ ನಡುವೆ ಪಟ್ಟಿ ಹಾಕಿದಂತೆ ಇದರ ರಚನೆ. ಉಳಿದ ಗೋಡೆಯಲ್ಲಿ ಸಂದು ಕಡಿಮೆ, ಆದ್ದರಿಂದ ಸೋರುವುದೂ ಕಡಿಮೆ. ಆದರೆ ಈಗ ನಾನೇ ಒಂದು ತೂತು ಮಾಡಿಟ್ಟಿದ್ದೆ. ರೂಪಾಯಿ ನಾಣ್ಯದಗಲದ ತೂತು, ಅದರಿಂದ ಹೊರಟ ಗೇಣುದ್ದದ ಬಿರುಕು. ಮರುದಿನ ರಾತ್ರಿ ಮಳೆ ಎಂದು ಹವಾಮಾನ ವರದಿ.

ಪೆಟ್ಟು ಬಿದ್ದ ಜಾಗಕ್ಕೆ ಬಣ್ಣ ಬಳಿದು ಮುಚ್ಚಿದರೆ ಆಯಿತಲ್ಲ ಎನ್ನಬಹುದು. ತೊಂದರೆ ಇರುವುದು ನೀರಿನಲ್ಲಿ. ಅದು ಬಿರುಕಿನಲ್ಲಿ ಇಳಿದು ಒಳಗಿನ ಹೊದಿಕೆ, ಮರದ ಹಲಗೆಗಳನ್ನು ಕೊಳೆಸುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆಯಾಗಿ ಹಿಗ್ಗಿ ಬಿರುಕನ್ನು ಇನ್ನಷ್ಟು ಸೀಳುತ್ತದೆ. ಮಿನ್ನೆಸೋಟದ ಚಳಿಗಾಲವೆಂದರೆ ತಮಾಷೆಯಲ್ಲ.

ಮರುದಿನ ಬೆಳಿಗ್ಗೆ ಟೂ ಹಾರ್ಬರ್ಸ್ ಎಂಬ ಪೇಟೆಗೆ ಹೋಗಿ ಪಾಲಿಯೆಸ್ಟರ್ ರಾಳ, ಅದರ ಹಾರ್ಡನರ್, ಗಾಜಿನ ಎಳೆಯ ಚಾಪೆ, ಅಸಿಟೋನ್, ಪಾಲಿಶ್ ಪೇಪರ್, ಕೈಗವಸು, ಕನ್ನಡಕ, ಮೂಗಿನ ಮುಸುಕು ತಂದೆವು. ಹಾರ್ಡನರ್ ಒಂದು ಪೆರಾಕ್ಸೈಡ್. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ರಾಳದ ಆವಿಗೆ ಬೆಂಕಿ ತಗಲುವ ಗುಣವೂ ಇದೆ. ದೊಡ್ಡವರಿಲ್ಲದೆ ಮಕ್ಕಳು ಇದಕ್ಕೆ ಕೈಹಾಕಬಾರದು.

ಗಂಗೊಳ್ಳಿ, ಮಲ್ಪೆಯಲ್ಲಿ ಫೈಬರ್ ದೋಣಿಗಳಿಗೆ ತೇಪೆ ಹಾಕುವುದನ್ನು ನೋಡುತ್ತ ನಿಂತಿದ್ದೆ, ಕೈಯಿಂದ ಮಾಡಿರಲಿಲ್ಲ. ಅಲ್ಲಿ ಕಂಡದ್ದನ್ನೇ ನೆನೆಯುತ್ತ ಮೊದಲು ಗೋಡೆಯನ್ನು ನಾಣ್ಯದಿಂದ ತಟ್ಟಿದೆ. ಹಲಸಿನಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುವುದಿಲ್ಲವೇ, ಹಾಗೆ. ಗಟ್ಟಿಯಿದ್ದಲ್ಲಿ 'ಟಕ್' ಎನ್ನುತ್ತದೆ, ಪದರ ಬಿಟ್ಟಲ್ಲಿ 'ದಬ್' ಎನ್ನುತ್ತದೆ. 'ದಬ್' ಎಂದಷ್ಟು ಭಾಗವನ್ನೂ ಕೆರೆದು ತೆಗೆಯಬೇಕು. ಮೊದಲು ಅಸಿಟೋನಿನಿಂದ ಒರೆಸಿ, ಆಮೇಲೆ ಉಜ್ಜಬೇಕು. ತಿರುಗುಮುರುಗಾದರೆ ಹಳೆಯ ಮೇಣ, ಜಿಡ್ಡು ಒಳಕ್ಕೆ ಇಳಿಯುತ್ತದೆ. ತೂತಿನ ಅಂಚನ್ನು ಒಮ್ಮೆಲೇ ಕಡಿಯದೆ, ಗೋಡೆಯ ದಪ್ಪದ ಹನ್ನೆರಡು ಪಟ್ಟು ದೂರದವರೆಗೆ ಇಳಿಜಾರಾಗಿ ಉಜ್ಜುವುದು ಕ್ರಮ. ನಮ್ಮದು ಮೂರು ನಾಲ್ಕು ಮಿಲಿಮೀಟರ್ ದಪ್ಪ, ಹಾಗಾಗಿ ಸುತ್ತಲೂ ನಾಲ್ಕೈದು ಸೆಂಟಿಮೀಟರ್. ಹಿಡಿತಕ್ಕೆ ಜಾಗ ಹೆಚ್ಚಿದಷ್ಟೂ ತೇಪೆಯ ಮೇಲೆ ಬೀಳುವ ಎಳೆತ ಹಂಚಿಹೋಗುತ್ತದೆ. ಪುಡಿ ನೆಲಕ್ಕೆ ಬೀಳದಂತೆ ಟಾರ್ಪಾಲು ಹಾಸಿದ್ದೆವು. ಒಳಗೆ, ಬೆಂಚಿನ ಕೆಳಗಿನ ಹೊದಿಕೆ ಬಿಡಿಸಿ, ಪ್ಲಾಸ್ಟಿಕ್ ಹೊದಿಸಿದ ರಟ್ಟನ್ನು ತೂತಿಗೆ ಆಸರೆಯಾಗಿ ಅಂಟಿಸಿದ್ದಾಯಿತು.

ಇನ್ನು ಚಳಿಯ ಪ್ರಶ್ನೆ. ಮೇ ತಿಂಗಳಲ್ಲೂ ಆ ಸರೋವರ ತಣ್ಣಗೆ ಕೊರೆಯುತ್ತಿರುತ್ತದೆ, ದಂಡೆಗೆ ಮಂಜು ಕವಿಸುತ್ತದೆ. ಆಗ ಹತ್ತು ಡಿಗ್ರಿಯೂ ಇರಲಿಲ್ಲ. ಈ ರಾಳ ಸರಿಯಾಗಿ ಗಟ್ಟಿಯಾಗಲು ಹದವಾದ ಬೆಚ್ಚನೆ ಬೇಕು. 100 ಗ್ರಾಂ ರಾಳಕ್ಕೆ ಒಂದರಿಂದ ಎರಡು ಗ್ರಾಂ ಹಾರ್ಡನರ್ ಎಂಬುದು ಸಾಮಾನ್ಯ ಅಳತೆ. ಚಳಿಯಲ್ಲಿ ಕ್ರಿಯೆ ನಿಧಾನ, ಆದ್ದರಿಂದ ಹಾರ್ಡನರ್ ಹೆಚ್ಚಿಸೋಣ ಎಂಬುದು ನನ್ನ ತರ್ಕ. "ಡಬ್ಬಿಯ ಮೇಲೆ ಬರೆದದ್ದನ್ನು ಓದಿ ಅಪ್ಪಯ್ಯ" ಎಂದ ಮಗ. ಮೂವತ್ತು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟವನಿಗೆ ಡಬ್ಬಿ ಪಾಠ ಮಾಡಬೇಕೇ? ಅಂದಾಜಿನಲ್ಲಿ ಸುರಿದೇಬಿಟ್ಟೆ. ಆಮೇಲೆ ಚಾಪೆ ಕತ್ತರಿಸುತ್ತ ಕುಳಿತೆ. ತಿರುಗಿ ನೋಡಿದರೆ ಲೋಟದಿಂದ ಹೊಗೆ! ರಾಳ ಬುರುಗಿನಂತೆ ಬಿರಿದು, ಕಲ್ಲಾಗಿ, ಮುಟ್ಟಲಾರದಷ್ಟು ಸುಡುತ್ತಿತ್ತು.

ಕಾರಣ ನನಗೆ ಗೊತ್ತಿದ್ದದ್ದೇ. ಪೆರಾಕ್ಸೈಡ್ ಚಾಲನೆ ಕೊಟ್ಟೊಡನೆ ರಾಳದ ಉದ್ದುದ್ದ ಸರಪಳಿಗಳನ್ನು ಸ್ಟೈರೀನ್ ಅಣುಗಳು ಏಣಿಯ ಮೆಟ್ಟಿಲುಗಳಂತೆ ಅಡ್ಡಡ್ಡ ಕಟ್ಟುತ್ತ ಹೋಗುತ್ತವೆ. ಪ್ರತಿ ಕಟ್ಟಿಗೂ ಶಾಖ ಹೊರಬೀಳುತ್ತದೆ. ಗೋಡೆಗೆ ತೆಳುವಾಗಿ ಹಚ್ಚಿದರೆ ಆ ಶಾಖ ಗಾಳಿಗೆ ಹೋಗುತ್ತದೆ. ಲೋಟದಲ್ಲಿ ಸಿಕ್ಕಿಬಿದ್ದರೆ, ಹಸಿಹುಲ್ಲನ್ನು ಒಟ್ಟಿದಾಗ ಬಣವೆಯ ಹೊಟ್ಟೆ ಬಿಸಿಯೇರುವಂತೆ, ಶಾಖವೇ ಕ್ರಿಯೆಯನ್ನು ಇನ್ನೂ ಓಡಿಸುತ್ತದೆ.

ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿಯೇ ಆಗಿದ್ದ ಮಗ ಆಗ ಮೊದಲ ಬಾರಿಗೆ ನಕ್ಕ. "ಅಳತೆ ತಪ್ಪಿದ್ದಕ್ಕೆ ನೀವು ನನಗೆ ಪ್ರಾಕ್ಟಿಕಲ್‌ನಲ್ಲಿ ಎರಡು ಮಾರ್ಕ್ಸ್ ಕಳೆದಿದ್ರಿ, ನೆನಪುಂಟಾ?" ಎಂದ.

ಉಳಿದದ್ದು ಅರ್ಧ ಡಬ್ಬಿ. ಈ ಸಲ ಅಳತೆ ಅವನದು, ಕೈ ನನ್ನದು. ಹಾರ್ಡನರ್ ಹೆಚ್ಚಿಸುವ ಬದಲು ಬಿಸಿಲನ್ನೇ ಬಳಸೋಣ ಎಂದು, ಮಂಜು ಕರಗಿದ ಮೇಲೆ ಕ್ಯಾಂಪರನ್ನು ತಿರುಗಿಸಿ ಪೆಟ್ಟಾದ ಮೂಲೆಯನ್ನು ದಕ್ಷಿಣಕ್ಕೆ ಮಾಡಿ ನಿಲ್ಲಿಸಿದೆವು. (ಈ ಬಾರಿ ಹಿಂದೆ ನಿಂತವಳು ನನ್ನ ಹೆಂಡತಿ.) ಗೋಡೆ ಒಣಗಿ ಕೈಗೆ ಬೆಚ್ಚಗಾಗುವವರೆಗೆ ಕಾದು, ಒಂದಕ್ಕಿಂತ ಒಂದು ದೊಡ್ಡದಾದ ಮೂರು ತುಂಡು ಚಾಪೆ ಕೂರಿಸಿದೆವು. ಬಿಳಿಯ ಚಾಪೆ ರಾಳ ಕುಡಿದೊಡನೆ ಕಾಣದಂತಾಗುತ್ತದೆ. ಗಾಜಿನ, ರಾಳದ ವಕ್ರೀಭವನ ಸೂಚ್ಯಂಕಗಳು ಹೆಚ್ಚುಕಡಿಮೆ ಒಂದೇ ಆಗಿರುವುದೇ ಕಾರಣ. ಬೋಂಡಾ ಕಟ್ಟಿದ ಕಾಗದ ಎಣ್ಣೆಯಾದಲ್ಲಿ ಪಾರದರ್ಶಕವಾಗುವುದೂ ಇದೇ ಬಗೆಯದು. ಎಲ್ಲಿ ಬೆಳ್ಳಗೆ ಉಳಿದಿದೆಯೋ ಅಲ್ಲಿ ಗಾಳಿಗುಳ್ಳೆ ಸಿಕ್ಕಿದೆ ಎಂದರ್ಥ. ಅಲ್ಲೆಲ್ಲ ಬ್ರಷ್ಷಿನಿಂದ ಚುಚ್ಚಿ ಚುಚ್ಚಿ ಗಾಳಿ ಹೊರಡಿಸಿದೆ. ಆಮ್ಲಜನಕ ತಾಗಿದರೆ ಮೇಲ್ಪದರ ಅಂಟಂಟಾಗಿಯೇ ಉಳಿಯುವುದರಿಂದ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಟೇಪು ಹಚ್ಚಿದ್ದಾಯಿತು.

ಅದು ಗಟ್ಟಿಯಾಗುವಷ್ಟರಲ್ಲಿ ಸ್ಪ್ಲಿಟ್ ರಾಕ್ ದೀಪಸ್ತಂಭ ನೋಡಿ ಬಂದೆವು. 1905ರ ನವೆಂಬರ್ ಬಿರುಗಾಳಿಗೆ ಈ ಸರೋವರದಲ್ಲಿ ಹಲವು ಹಡಗುಗಳು ನಾಶವಾದ ಮೇಲೆ, ಸುಮಾರು 40 ಮೀಟರ್ ಎತ್ತರದ ಕಡಿಬಂಡೆಯ ತುದಿಯಲ್ಲಿ 1910ರಲ್ಲಿ ಬೆಳಗಿದ ದೀಪ. ಆಗ ಅಲ್ಲಿಗೆ ರಸ್ತೆಯಿರಲಿಲ್ಲ. ಸಾಮಾನೆಲ್ಲ ನೀರಿನ ಮೇಲೆ ಬಂದು ಕ್ರೇನಿನಲ್ಲಿ ಮೇಲೇರಿತು. 1969ರಲ್ಲಿ ಅದರ ಕೆಲಸ ನಿಂತಿತು. ನೋಡತಕ್ಕ ಜಾಗ, ನನ್ನ ಮನಸ್ಸು ಮಾತ್ರ ತೇಪೆಯ ಮೇಲೇ ಇತ್ತು.

ಸಂಜೆ ಹಾಳೆ ಕಿತ್ತು ಉಗುರು ಊರಿದೆ. ಗುರುತು ಬೀಳಲಿಲ್ಲ. ನಾಣ್ಯದಿಂದ ತಟ್ಟಿದೆ, 'ಟಕ್' ಎಂದಿತು. ಮೇಲೆದ್ದ ಅಂಚುಗಳನ್ನು ಉಜ್ಜಿ ಸಮ ಮಾಡಿದೆವು. ಬಿಸಿಲು ತಾಗದಂತೆ ರಕ್ಷಿಸುವ ಬಣ್ಣದ ಹೊರಪದರ, ಅಂದರೆ ಜೆಲ್‌ಕೋಟ್, ಹಚ್ಚುವ ಕೆಲಸ ಊರಿಗೆ ಮರಳಿದ ಮೇಲೆಂದು ಬಾಕಿ ಉಳಿಯಿತು. ಹಳೆಯ ಗಾಡಿಯ ಮಾಸಿದ ಬಣ್ಣಕ್ಕೆ ಹೊಸದನ್ನು ಹೊಂದಿಸುವುದು ಇದೆಲ್ಲಕ್ಕಿಂತ ಕಷ್ಟದ್ದಂತೆ.

ರಾತ್ರಿ ಹೇಳಿದಂತೆಯೇ ಮಳೆ ಬಂತು. ಎರಡು ಗಂಟೆಯ ಹೊತ್ತಿಗೆ ಎಚ್ಚರವಾಗಿ, ಸದ್ದಾಗದಂತೆ ಬೆಂಚಿನ ಕೆಳಗೆ ಕೈಚಾಚಿ ಗೋಡೆ ಸವರಿದೆ. ಕತ್ತಲಲ್ಲಿ ಮಗನ ದನಿ ಕೇಳಿತು: "ಒಣಗಿಯೇ ಉಂಟು ಅಪ್ಪಯ್ಯ. ನಾನೂ ಈಗಷ್ಟೇ ನೋಡಿದೆ, ಮಲ್ಕೊಳ್ಳಿ."