ಮಾಡು ಬಿಚ್ಚಿದ ಬೇಸಿಗೆ

ಮಳೆಗಾಲದಲ್ಲಿ ನಮ್ಮ ಬಚ್ಚಲೊಲೆಯ ಮುಂದೆ ಮೈ ಕಾಯಿಸುತ್ತ ಕೂತವರು ಕೇಳುವುದು ಒಂದೇ ಕಥೆ, ಮಾಡು ಬಿಚ್ಚಿಟ್ಟಾಗ ಗಾಳಿಮಳೆ ಬಂದ ರಾತ್ರಿಯದು. ಆದರೆ ಆ ರಾತ್ರಿಯೊಂದನ್ನೇ ಹೇಳಿದರೆ ನಾವು ಯಾಕೆ ಅಷ್ಟು ಹೆದರಿದೆವು ಅನ್ನುವುದು ತಿಳಿಯುವುದಿಲ್ಲ. ಗೋಡೆಯಿಂದಲೇ ಶುರು ಮಾಡಬೇಕು.

ಇವರು ಆಗ ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ದುಡಿಯುತ್ತಿದ್ದರು, ನಾನು ಶಾಲೆಯಲ್ಲಿ ಕಲಿಸುತ್ತಿದ್ದೆ. ನನಗೆ ಕುಮಟಾ ತಾಲೂಕಿಗೆ ವರ್ಗವಾಯಿತು. ಇನ್ನು ಬಾಡಿಗೆ ಮನೆಗಳ ಸಹವಾಸ ಸಾಕು, ಇಲ್ಲೇ ಬೇರೂರೋಣ ಅಂತ ಇಬ್ಬರೂ ನಿಶ್ಚಯಿಸಿದೆವು. ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ, ಹಿನ್ನೀರಿಗೆ ಬೆನ್ನು ಮಾಡಿ ನಿಂತ ಒಂದು ಹಂಚಿನ ಮನೆ ಸಿಕ್ಕಿತು. ಮನೆಯವರು ಮುಂಬೈ ಸೇರಿ ಬಹಳ ಕಾಲವಾಗಿತ್ತು. ಚಿರೆಕಲ್ಲಿನ ಗೋಡೆ, ಹಲಸಿನ ಕಂಬ, ಅಂಗಳಕ್ಕೆ ಮುಖ ಮಾಡಿದ ಉದ್ದ ಜಗಲಿ, ಮೇಲೆ ಮಂಗಳೂರು ಹಂಚು. ನಡುಮನೆಯಲ್ಲಿ ನಿಂತು ತಲೆ ಎತ್ತಿದರೆ ಮೂರು ನಾಲ್ಕು ಕಡೆ ಆಕಾಶ ಕಾಣುತ್ತಿತ್ತು.

ಮೊದಲು ಕರೆತಂದ ಮೇಸ್ತ್ರಿ ಒಳಗೂ ಬರಲಿಲ್ಲ. ಅಂಗಳದಲ್ಲೇ ನಿಂತು, "ಕೆಡವಿಬಿಡಿ ಅಕ್ಕೋರೆ, ಇದಕ್ಕೆ ಸುರಿಯೋ ದುಡ್ಡಲ್ಲಿ ಸ್ಲ್ಯಾಬಿನ ಮನೆ ಏಳ್ತದೆ" ಅಂದ. ಎರಡನೆಯವನೂ ಅದನ್ನೇ ಹೇಳಿದ. ಮನೆ ಕೊಳ್ಳುವುದರಲ್ಲೇ ನಮ್ಮ ಕೈ ಬರಿದಾಗಿತ್ತು. ಸಾಮಾನಿಗೆ ದುಡ್ಡಿತ್ತು, ಕೂಲಿಗೆ ಇರಲಿಲ್ಲ. ಬೇಸಿಗೆ ರಜೆ ಎದುರಿಗಿತ್ತು. ಇವರು ವರ್ಕ್‌ಶಾಪಿಗೆ ರಜೆ ಹಾಕಿ ಬಂದರು. ಜೂನ್ ಮೊದಲ ವಾರ ಮಳೆ ಹಿಡಿಯುವುದರೊಳಗೆ ಮಾಡು ಮುಚ್ಚಬೇಕು, ಉಳಿದದ್ದು ಆಮೇಲೆ. ಅಷ್ಟೇ ನಮ್ಮ ಲೆಕ್ಕ.

ಗೋಡೆಯ ರೋಗ ಕಂಡುಹಿಡಿದವರು ಇವರು. ಕೋಣೆಗಳ ಗೋಡೆ ಮೇಲ್ಭಾಗದಲ್ಲಿ ಗಟ್ಟಿಯಾಗಿತ್ತು, ಕೆಳಗೆ ಸೊಂಟದೆತ್ತರದವರೆಗೆ ಮಾತ್ರ ಉಬ್ಬಿ ಉಪ್ಪು ಕಾರುತ್ತಿತ್ತು. ನೋಡಿದರೆ ಅಷ್ಟು ಎತ್ತರಕ್ಕೆ ಮಾತ್ರ ಯಾರೋ ಎಂದೋ ಸಿಮೆಂಟ್ ಗಿಲಾವು ಬಳಿದಿದ್ದಾರೆ, ಗೋಡೆ ಭದ್ರವಾಗಲಿ ಅಂತ. ಚಿರೆಕಲ್ಲು ತೂತು ತೂತಿನ ಕಲ್ಲು. ನೆಲದ ತೇವವನ್ನು ಮೇಲಕ್ಕೆಳೆದುಕೊಳ್ಳುತ್ತದೆ, ಬಿಸಿಲು ಗಾಳಿ ಸಿಕ್ಕಾಗ ಆರಿಸಿಕೊಳ್ಳುತ್ತದೆ. ಮೇಲೆ ಸುಣ್ಣದ ಗಾರೆ ಇದ್ದರೆ ಆ ತೇವ ಅದರ ಮೂಲಕ ಹಾದು ಹೋಗುತ್ತದೆ. ಸಿಮೆಂಟ್ ಬಿಡುವುದಿಲ್ಲ. ನೀರು ಒಳಗೇ ಸಿಕ್ಕಿಬಿದ್ದು ಕಲ್ಲಿನ ನಡುವಿನ ಮಣ್ಣನ್ನು ಮೆತ್ತಗೆ ಮಾಡುತ್ತದೆ, ಅದರಲ್ಲಿ ಕರಗಿದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಕಲ್ಲನ್ನೇ ಪುಡಿ ಮಾಡುತ್ತದೆ. ಕರಾವಳಿಯಲ್ಲಿ ಎಷ್ಟೋ ಒಳ್ಳೆಯ ಹಳೇ ಮನೆಗಳು ಸತ್ತದ್ದು ವಯಸ್ಸಾಗಿ ಅಲ್ಲ, ಈ ಸಿಮೆಂಟಿನ ಉಪಚಾರದಿಂದ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಬಾಗಿದ ಗೋಡೆಯನ್ನು ತೋರಿಸಿ 'ಮನೆ ಹಳತಾಯಿತು' ಅನ್ನುವವರು ಒಮ್ಮೆ ಉಳಿಯಿಂದ ಆ ಸಿಮೆಂಟನ್ನು ಎಬ್ಬಿಸಿ ಹಿಂದೆ ಏನಾಗಿದೆ ನೋಡಬೇಕು.

ನಾವು ಎಬ್ಬಿಸಿದೆವು. ಇವರು ಉಳಿ ಸುತ್ತಿಗೆ ಹಿಡಿದು ಮುಂದೆ, ನಾನು ಬಾಂಡ್ಲಿ ಹೊತ್ತು ಹಿಂದೆ. ತಲೆಗೆ ಟವೆಲ್, ಮೂಗಿಗೆ ಸೆರಗು. ಸಂಜೆ ಬಾವಿಕಟ್ಟೆಯಲ್ಲಿ ನೀರು ಹೊಯ್ದುಕೊಂಡರೆ ಮೈಯಿಂದ ಕೆಂಪು ಕಾಲುವೆ ಇಳಿಯುತ್ತಿತ್ತು. ಪುಡಿಯಾದ ಕಲ್ಲುಗಳನ್ನು ಒಂದೊಂದಾಗಿ ತೆಗೆದು, ಹಿತ್ತಲಲ್ಲಿ ಬಿದ್ದಿದ್ದ ಹಳೇ ದನದ ಕೊಟ್ಟಿಗೆಯ ಕಲ್ಲನ್ನೇ ಕೆತ್ತಿ ಆ ಜಾಗಕ್ಕೆ ಕೂರಿಸಿದೆವು. ಲೇತಿನ ಮೇಲೆ ಕೂದಲೆಳೆಯ ಅಳತೆ ಹಿಡಿದವರಿಗೆ ರಸಮಟ್ಟದ ಗುಳ್ಳೆ ನಡುವಿಗೆ ಬರದೆ ಕಲ್ಲು ಬಿಡಲು ಮನಸ್ಸೊಪ್ಪುತ್ತಿರಲಿಲ್ಲ.

ಸುಣ್ಣದ ಕೆಲಸ ನನ್ನದು. ಹೊಳೆಯ ಬಾಯಲ್ಲಿ ಬಳಚು ಹೇರಳ. ಹೆಂಗಸರು ಇಳಿತದ ಹೊತ್ತಿಗೆ ನೀರಿಗಿಳಿದು ಆರಿಸಿ ತರುತ್ತಾರೆ. ತಿಂದು ಉಳಿದ ಚಿಪ್ಪು, ಹೊಳೆಯ ತಳದಲ್ಲಿ ಕಾಲಕಾಲದಿಂದ ಕೂತ ಚಿಪ್ಪು, ಎಲ್ಲ ಸುಟ್ಟರೆ ಸುಣ್ಣವೇ. ಆ ಸುಟ್ಟ ಚಿಪ್ಪನ್ನು ಮಣ್ಣಲ್ಲಿ ಹುಗಿದ ಹಳೇ ಸಿಮೆಂಟ್ ತೊಟ್ಟಿಗೆ ಹಾಕಿ ನೀರು ಬಿಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಬುಸ್ಸೆಂದು ಹಬೆ ಎದ್ದು ತೊಟ್ಟಿ ಪೂರ್ತಿ ಕೊತಕೊತ ಕುದಿಯಿತು, ಕೆಳಗೆ ಒಂದು ಕಡ್ಡಿ ಬೆಂಕಿಯಿಲ್ಲದೆ. ಪಕ್ಕದ ಮನೆಯ ದೊಡ್ಡಮ್ಮ ಬೇಲಿಯಾಚೆಯಿಂದ ಕೂಗಿದರು: "ತಂಗೀ, ಮುಖ ಹಿಂದೆ ತಕ್ಕೋ! ಕಣ್ಣಿಗೆ ಹಾರಿದ್ರೆ ಕಣ್ಣೇ ಹೋಗ್ತದೆ." ಅವರೇ ಬಂದು ಉದ್ದ ಬಿದಿರುಕೋಲಿನಿಂದ ಕದಡಿ ತೋರಿಸಿದರು. ಜರಡಿ ಹಿಡಿದು ನೀರಿನಡಿಯಲ್ಲಿ ಮುಳುಗಿಸಿಟ್ಟ ಸುಣ್ಣ ದಿನ ಕಳೆದಷ್ಟೂ ನಯವಾಗುತ್ತ ಕಡೆಗೆ ಬೆಣ್ಣೆಯಾಗುತ್ತದೆ. ಅದಕ್ಕೆ ಹೊಳೆಯ ಮರಳನ್ನು ತೊಳೆದು ಉಪ್ಪು ಕಳೆದು, ಸ್ವಲ್ಪ ಬೆಲ್ಲದ ನೀರು ಬೆರೆಸಿ ಗಾರೆ ಮಾಡಿದೆವು. ಬಳಿದ ಗಾರೆಯನ್ನು ಅವಸರದಿಂದ ಒಣಗಲು ಬಿಡಬಾರದು, ಗೋಣಿ ನೆನೆಸಿ ಹೊದಿಸಬೇಕು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ಸುಣ್ಣ ಮತ್ತೆ ನಿಧಾನಕ್ಕೆ ಕಲ್ಲಾಗುತ್ತದೆ. ಚಿಪ್ಪಾಗಿದ್ದಾಗ ಏನಿತ್ತೋ ಅದೇ ಆಗಿ ಗೋಡೆಯಲ್ಲಿ ಕೂರುತ್ತದೆ. ಏಳನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತಿದ್ದ ನನಗೆ ಇದು ಪುಸ್ತಕದಲ್ಲಿ ಗೊತ್ತಿತ್ತು. ಕರಣೆಯ ತುದಿಯಲ್ಲಿ ಗೊತ್ತಾದದ್ದು ಆ ಬೇಸಿಗೆಯಲ್ಲಿ.

ದೇವರ ಕೋಣೆಯ ಗೋಡೆಯಲ್ಲಿ ಹಸಿರು ಡಿಸ್ಟೆಂಪರ್ ಕೆರೆಯುತ್ತಿದ್ದೆ. ಅದರ ಕೆಳಗೆ ನೀಲಿ, ನೀಲಿಯ ಕೆಳಗೆ ಪದರ ಪದರ ಬಿಳಿಸುಣ್ಣ. ಅದರ ಕೆಳಗಿಂದ ಕೆಂಪು ಇಣುಕಿತು. ಚಾಕು ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿದೆ. ಒಂದು ಬಳ್ಳಿ, ಅದರ ಪಕ್ಕ ಎಸಳು ಬಿಚ್ಚಿದ ಹೂವು, ಮತ್ತೆ ಬಳ್ಳಿ. ಕಾವಿಯ ಚಿತ್ತಾರ! ಅಂಕೋಲೆ, ಗೋಕರ್ಣದ ಕಡೆಯ ಗುಡಿಗಳ ಗೋಡೆಯಲ್ಲಿ ನೋಡಿದ್ದೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿ ಇರುವಾಗಲೇ ಮೊನಚಾದ ಕಡ್ಡಿಯಿಂದ ಕೆರೆದು ಕೆಳಗಿನ ಬಿಳಿಯನ್ನು ಕಾಣಿಸುವ ಕಲೆ. ಮೇಲೆ ಬಳಿದ ಬಣ್ಣವಲ್ಲ ಅದು, ಗೋಡೆಯದೇ ಭಾಗ. ಅದಕ್ಕೇ ಅಷ್ಟು ಪದರಗಳಡಿಯೂ ಉಳಿದುಕೊಂಡಿತ್ತು. "ಏನೂಂದ್ರೆ, ಬನ್ನಿ ಇಲ್ಲಿ" ಅಂತ ಕೂಗಿದೆ. ಇವರು ಕೈಯ ಸುತ್ತಿಗೆ ಕೆಳಗಿಡದೆ ಬಂದವರು ಬಹಳ ಹೊತ್ತು ನೋಡಿ, ಮೆತ್ತಗೆ ಸುತ್ತಿಗೆ ನೆಲಕ್ಕಿಟ್ಟರು. "ಕೆಡವಿ ಅಂದರಲ್ಲ" ಅಂದರು. ಮುಂದೆ ಮಾತಾಡಲಿಲ್ಲ.

ಇಂಥದ್ದು ಎಷ್ಟು ಮಣ್ಣುಪಾಲಾಗಿದೆಯೋ! ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದನ್ನು ನೋಡಿದಾಗ ನನಗೆ ಮೊದಲು ನೆನಪಾದದ್ದು ಈ ಹೂಬಳ್ಳಿಯೇ.

ಮಾಡಿನ ಕೆಲಸ ನಮ್ಮಿಬ್ಬರಿಂದಷ್ಟೇ ಆಗುವುದಲ್ಲ. ಕೇರಿಯ ತುದಿಯಲ್ಲಿ ಒಬ್ಬ ಆಚಾರಿ ಇದ್ದರು, ಕೈ ನಡುಗಿ ಕೆಲಸ ಬಿಟ್ಟವರು. "ನಾ ಹತ್ತೂದಿಲ್ಲ, ಕೆಳಗೆ ಕೂತು ಹೇಳ್ತೆ, ನೀವು ಮಾಡಿ" ಅಂದರು. ಅವರು ಹಾಕಿದ ಕಟ್ಟಳೆ ಒಂದೇ: ಇಡೀ ಮಾಡು ಒಟ್ಟಿಗೆ ಬಿಚ್ಚಬಾರದು, ಒಂದು ಇಳಿಜಾರು ಮುಗಿಸಿ ಇನ್ನೊಂದು. ಹಂಚು ಪರೀಕ್ಷಿಸುವುದನ್ನೂ ಅವರೇ ಕಲಿಸಿದರು. ಒಂದು ಕೈಯಲ್ಲಿ ತೂಗಿಹಿಡಿದು ಬೆರಳ ಗಂಟಿನಿಂದ ತಟ್ಟಬೇಕು. ಟಣ್ ಅಂದರೆ ಇನ್ನೊಂದು ತಲೆಮಾರು ಬಾಳುತ್ತದೆ, ಡಬ್ ಅಂದರೆ ಒಳಗೆ ಸೀಳಿದೆ. ನೂರು ಚದರಡಿ ಮಾಡಿಗೆ ಸುಮಾರು 150 ಹಂಚು. ಇಳಿಸಿ, ತೆಂಗಿನ ಚರಟೆಯಿಂದ ಪಾಚಿ ಕೆರೆದು, ತೊಳೆದು, ತಟ್ಟಿ, ಅಂಗಳದಲ್ಲಿ ಸಾಲುಗಟ್ಟಿ ನಿಲ್ಲಿಸುತ್ತ ಹೋದೆ. ಮಂಗಳೂರು ಹಂಚಿಗೆ ಮೊಳೆ ಬೇಡ, ಸಿಮೆಂಟ್ ಬೇಡ. ಹಿಂಬದಿಯ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ, ಅಂಚಿನ ತೋಡು ಪಕ್ಕದ ಹಂಚಿನ ಅಂಚನ್ನು ಹಿಡಿಯುತ್ತದೆ. ಕೆಟ್ಟದ್ದೊಂದನ್ನೇ ತೆಗೆದು ಬೇರೆ ಹಾಕಬಹುದು.

ಕೆಲವು ಹಂಚಿನ ಹಿಂದೆ ಬಾಸೆಲ್ ಮಿಶನ್, 1865 ಅಂತ ಇಂಗ್ಲಿಷಿನಲ್ಲಿ ಒತ್ತಿತ್ತು. ಮನೆಗೆ ಅಷ್ಟು ವಯಸ್ಸು ಅಂತ ನಾನು ಹಿಗ್ಗಿದೆ. ಆ ಇಸವಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಮಿಶನ್ನಿನವರು ಕಾರ್ಖಾನೆ ತೆರೆದ ವರ್ಷದ್ದು, ಆಮೇಲೆ ಬಂದ ಹಂಚಿನ ಮೇಲೂ ಅದನ್ನೇ ಒತ್ತುತ್ತಿದ್ದರು ಅಂತ ತಿಳಿದದ್ದು ಮುಂದೆ. ಹಿಗ್ಗು ಕಡಿಮೆಯಾಗಲಿಲ್ಲ. ತಡದಿ ಬಂದರಕ್ಕೆ ಮಚ್ವೆಯಲ್ಲಿ ಹಂಚು ಬಂದಿಳಿಯುತ್ತಿತ್ತು ಅಂತ ಆಚಾರಿಯ ತಂದೆ ಹೇಳುತ್ತಿದ್ದರಂತೆ.

ಪಕಾಸುಗಳಲ್ಲಿ ಹೆಚ್ಚಿನವು ಗಟ್ಟಿ ಇದ್ದವು. ಗೋಡೆಯ ಮೇಲೆ ಕೂರುವ ತುದಿಗಳನ್ನು ಮಾತ್ರ ಒರಲೆ ತಿಂದಿತ್ತು. ಕೊಳೆತಷ್ಟನ್ನು ಕೊಯ್ದು ಹೊಸ ತುಂಡು ಕಚ್ಚು ಹಾಕಿ ಬೆಸೆಯಲು ಆಚಾರಿ ಹೇಳಿದರು, ಇವರು ಮಾಡಿದರು. ಆ ಕಚ್ಚನ್ನು ಕೈಯಿಂದ ಸವರಿ ನೋಡಿದ ಆಚಾರಿ "ಕಬ್ಬಿಣದ ಕೆಲಸದವರು ಅಂದ್ರಿ, ಸುಳ್ಳು" ಅಂದರು. ಇವರ ಮುಖ ಅಷ್ಟು ಅರಳಿದ್ದನ್ನು ನಾನು ಮದುವೆಯ ಫೋಟೋದಲ್ಲೂ ನೋಡಿಲ್ಲ. ಎಲ್ಲ ಮರಕ್ಕೂ ಗೇರೆಣ್ಣೆ ಕೊಟ್ಟೆವು. ಗೇರುಬೀಜದ ಸಿಪ್ಪೆಯ ಆ ಕಪ್ಪೆಣ್ಣೆ ಒರಲೆಯನ್ನು ದೂರ ಇಡುತ್ತದೆ, ಚರ್ಮವನ್ನೂ ಸುಡುತ್ತದೆ. ಮೊದಲೇ ಮೊಣಕೈವರೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಇಳಿಯಬೇಕು.

ಮೇ ತಿಂಗಳ ಮೂರನೇ ವಾರ. ಪೂರ್ವದ ಇಳಿಜಾರು ಮುಗಿದಿತ್ತು. ಪಶ್ಚಿಮದ್ದು ಬಿಚ್ಚಿ ಪಕಾಸು ಮಾತ್ರ ನಿಂತಿತ್ತು, ರೀಪು ಹೊಡೆಯುವುದು ಮಾರನೇ ದಿನಕ್ಕೆ. ಸಂಜೆ ಘಟ್ಟದ ಕಡೆ ಕಪ್ಪು ಕಟ್ಟಿತು. ಆ ದಿನಗಳಲ್ಲಿ ಅದು ಹೊಸದಲ್ಲ, ಗುಡುಗಿ ಹೋಗುತ್ತಿತ್ತು. ಅಂದು ಹೋಗಲಿಲ್ಲ. ಊಟಕ್ಕೆ ಕೂತಾಗ ಕರೆಂಟ್ ಹೋಯಿತು, ತೆಂಗಿನಮರಗಳು ಹೊಯ್ದಾಡತೊಡಗಿದವು.

ನಮ್ಮ ಭಯ ನೆಲ ಒದ್ದೆಯಾಗುವುದರದ್ದಲ್ಲ. ಚಿರೆಕಲ್ಲುಗಳ ನಡುವೆ ಇದ್ದದ್ದು ಬರೇ ಮಣ್ಣು. ಮಾಡು ಮುಚ್ಚಿರುವ ತನಕ ಆ ಮಣ್ಣು ನೂರು ವರ್ಷ ಹಿಡಿದು ನಿಲ್ಲುತ್ತದೆ. ಗೋಡೆಯ ನೆತ್ತಿ ತೆರೆದು ಮಳೆ ಬಿದ್ದರೆ ನೀರು ಮೇಲಿನಿಂದ ಒಳಗೇ ಇಳಿಯುತ್ತದೆ, ಮಣ್ಣು ಕರಗಿ ಕಲ್ಲು ಜಾರುತ್ತದೆ. ದೇವರ ಕೋಣೆಯ ಗೋಡೆ ಆ ಪಶ್ಚಿಮದ ಸಾಲಿನಲ್ಲೇ ಇತ್ತು.

ಇವರು ಏಣಿ ಹತ್ತಿಯಾಗಿತ್ತು. ನಮ್ಮ ಹತ್ತಿರ ಇದ್ದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಸಿಕ್ಕು ಹರಿದು ಮಾವಿನಮರಕ್ಕೆ ಹೋಗಿ ಸುತ್ತಿಕೊಂಡಿತು. ನಾನು ಅಂಗಳಕ್ಕೆ ಓಡಿ ದೊಡ್ಡಮ್ಮನನ್ನು ಕೂಗಿದೆ. ಅವರು ನನಗಿಂತ ದೊಡ್ಡ ದನಿಯಲ್ಲಿ ಹೊಳೆಯಂಚಿನ ಅಂಬಿಗರ ಮನೆಗಳತ್ತ ಕೂಗಿದರು. ನಾಲ್ಕೈದು ಹುಡುಗರು ಬ್ಯಾಟರಿ ಹಿಡಿದು ಬಂದರು, ಹೆಗಲ ಮೇಲೆ ದೋಣಿಗೆ ಮುಚ್ಚುವ ತಾಡಪಾಲು. ಅದನ್ನು ಪಕಾಸಿನ ಮೇಲೆ ಎಳೆದರೂ ಗಾಳಿ ಎತ್ತಿ ಎತ್ತಿ ಹಾಕುತ್ತಿತ್ತು. ಆಗ ಒಬ್ಬ ಹುಡುಗ, "ಬಲೆ ತರ್ರೋ" ಅಂದ.

ಹಳೇ ಬಲೆ ಬಂತು. ಹೊಳೆಯಲ್ಲಿ ಬೀಸುವ ಹಾಗೇ ಇಬ್ಬರು ನೆತ್ತಿಯ ತೊಲೆಯಿಂದ ಬೀಸಿ ತಾಡಪಾಲಿನ ಮೇಲೆ ಹರಡಿದರು. ಅಂಚಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಚಿರೆಕಲ್ಲು ಕಟ್ಟಿ ಗೋಡೆಯಾಚೆ ಇಳಿಬಿಟ್ಟರು. ಮೂಲೆಯ ಹಗ್ಗ ನನ್ನ ಕೈಗೆ ಬಂತು. ಮಳೆ ಇಳಿದೇಬಿಟ್ಟಿತ್ತು. ಮಿಂಚಿದಾಗ ಗೋಡೆಯ ಮೇಲೆ ಕವುಚಿ ಮಲಗಿ ಬಲೆಯ ಅಂಚು ಕಟ್ಟುತ್ತಿದ್ದ ಇವರು ಕಾಣುತ್ತಿದ್ದರು, ಮತ್ತೆ ಕತ್ತಲೆ.

"ಹಗ್ಗ ಬಿಡಬೇಡ!"

"ಬಿಡೋದಿಲ್ಲ. ನೀವು ಇಳೀರಿ ಮೊದಲು!"

"ಇದೊಂದು ಗಂಟು."

ಆ ಒಂದು ಗಂಟಿಗೆ ಹಿಡಿದಷ್ಟು ಹೊತ್ತು ನನ್ನ ಬದುಕಿನಲ್ಲಿ ಯಾವುದಕ್ಕೂ ಹಿಡಿದಿಲ್ಲ. ಕೆಳಗೆ ದೊಡ್ಡಮ್ಮ ಮತ್ತು ಅವರ ಸೊಸೆಯಂದಿರು ತಮ್ಮ ಕೊಟ್ಟಿಗೆಗೆ ಅಂತ ಇಟ್ಟಿದ್ದ ಅಡಿಕೆ ಸೋಗೆಯನ್ನು ಹೊತ್ತು ತಂದು, ಹೊಸದಾಗಿ ಗಾರೆ ಬಳಿದ ಗೋಡೆಗೆ ಒರಗಿಸುತ್ತಿದ್ದರು. ಆಚಾರಿ ಜಗಲಿಯ ಮೇಲೆ ಕೂತು ಕೂಗಿ ಹೇಳುತ್ತಲೇ ಇದ್ದರು, ಯಾವ ಪಕಾಸಿಗೆ ಕಾಲಿಡಬೇಕು, ಯಾವುದಕ್ಕೆ ಇಡಬಾರದು ಅಂತ. ಕತ್ತಲಲ್ಲಿ ಅವರಿಗೆ ನಮ್ಮ ಮಾಡು ಬಾಯಿಪಾಠವಾಗಿತ್ತು.

ಬೆಳಿಗ್ಗೆ ಎಲ್ಲರೂ ಹತ್ತಿ ನೋಡಿದೆವು. ನೈರುತ್ಯದ ಮೂಲೆಯಲ್ಲಿ ಎರಡು ಕಲ್ಲು ಅಲುಗಿದ್ದವು. ಉಳಿದ ನೆತ್ತಿಯ ಮಣ್ಣು ಕೈಯಿಟ್ಟರೆ ಒಣ ಒಣ. ಅಂಗಳದಲ್ಲಿದ್ದ ಹಂಚಿನ ಒಂದು ಸಾಲು ಮಗುಚಿ ಒಡೆದಿತ್ತು. ದೇವರ ಕೋಣೆಯ ಬಳ್ಳಿಗೆ ಒಂದು ಹನಿ ತಾಗಿರಲಿಲ್ಲ. ಹುಡುಗರಿಗೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಬಲೆ ಮಾತ್ರ ಇವತ್ತೇ ಕೊಡಿ ಅಕ್ಕೋರೆ" ಅಂದರು. ಮಧ್ಯಾಹ್ನ ಎಲ್ಲರಿಗೂ ನಾನೇ ಅಡುಗೆ ಮಾಡಿ ಬಡಿಸಿದೆ, ಮಾಡಿಲ್ಲದ ನಡುಮನೆಯಲ್ಲಿ.

ಆಮೇಲಿನದೆಲ್ಲ ಓಡಿಹೋಯಿತು. ರೀಪು, ಹಂಚು, ಬಾಗಿಲ ಕೀಲು, ಕಾವಿ ನೆಲ. ಮಿರುಗದ ಮಳೆ ಹಿಡಿದ ವಾರವೇ ಹಾಲುಕ್ಕಿಸಿ ಒಳಗೆ ಬಂದೆವು. ಮೊದಲ ರಾತ್ರಿ ಅಡುಗೆಮನೆಯಲ್ಲಿ ಒಂದು ಕಡೆ ತೊಟ್ಟಿಕ್ಕಿತು. ಇವರು ಎದ್ದು ಕೋಲಿನಿಂದ ಆ ಹಂಚನ್ನು ಕೆಳಗಿನಿಂದಲೇ ಎತ್ತಿ ಸರಿಸಿದರು, ನಿಂತಿತು.

ಮರುವರ್ಷ ಹೋಳಿ ಕಳೆದ ಮೇಲೆ ದೊಡ್ಡಮ್ಮ ಬೇಲಿಯಾಚೆಯಿಂದ ಕೇಳಿದರು: "ತಂಗೀ, ನಮ್ಮ ಗೋಡೆಯ ಸಿಮೆಂಟೂ ಉಬ್ಬಿದೆ, ಮಗ ಕೆಡವ್ತೆ ಅಂತಾನೆ. ನಿನ್ನ ಯಜಮಾನ್ರ ಹತ್ರ ಆ ಉಳಿ ಇನ್ನೂ ಇದೆಯಾ?" ಭಾನುವಾರ ಇಬ್ಬರೂ ಹೋದೆವು, ಇವರು ಉಳಿ ಸುತ್ತಿಗೆ ಹಿಡಿದು, ನಾನು ಬಾಂಡ್ಲಿ ಹೊತ್ತು. ನಮ್ಮ ತೊಟ್ಟಿಯಲ್ಲಿ ಉಳಿದಿದ್ದ ಸುಣ್ಣ ಅವರ ಒಂದು ಗೋಡೆಗೂ ಸಾಲಲಿಲ್ಲ. ಮತ್ತೆ ಚಿಪ್ಪು ಸುಡಿಸಿ ತಂದೆವು.